ಬೆರಳಿಗೆ ಹಗುರ, ಮನೆಗೆ ನೆಮ್ಮದಿ: ಸದ್ದು ಕಡಿಮೆ ಇರುವ ಕೀಬೋರ್ಡ್ ಆರಿಸುವ ಬಗೆ



ಕುಡುಗೋಲು ಕೊಳ್ಳಲು ಸಂತೆಗೆ ಹೋದ ರೈತ ಅಲಗಿನ ಹರಿತವನ್ನು ನೋಡುವ ಮೊದಲು ಹಿಡಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಹಿಡಿ ದಪ್ಪವಾದರೆ ಬೆರಳು ಕೂಡುವುದಿಲ್ಲ, ಸಣ್ಣದಾದರೆ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ದಿನವಿಡೀ ಕೈಯಲ್ಲಿರಬೇಕಾದ ಉಪಕರಣವನ್ನು ಕೈಗೆ ಒಪ್ಪಿಸಿಯೇ ಕೊಳ್ಳಬೇಕೆಂಬ ಈ ತಿಳಿವಳಿಕೆ ನಮಗೆ ಹಿರಿಯರಿಂದ ಬಂದಿದೆ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಬಂದಿರುವ ಇನ್ನೊಂದು ಉಪಕರಣದ ವಿಷಯದಲ್ಲಿ ಈ ಎಚ್ಚರ ಕಾಣುತ್ತಿಲ್ಲ. ಅದೇ ಕಂಪ್ಯೂಟರಿನ ಕೀಬೋರ್ಡ್. ಅಂಗಡಿಯವರು ಕೊಟ್ಟದ್ದನ್ನು ತರುತ್ತೇವೆ, ಅದರ ಮೇಲೆ ದಿನಕ್ಕೆ ನಾಲ್ಕೈದು ತಾಸು ಬೆರಳು ಬಡಿಯುತ್ತೇವೆ, ಆರು ತಿಂಗಳಾದ ಮೇಲೆ ಮಣಿಕಟ್ಟು ನೋಯುತ್ತಿದೆ ಎನ್ನುತ್ತೇವೆ. ಪಕ್ಕದಲ್ಲಿ ಮಲಗಿದವರು ಆ ಟಕಟಕ ಸದ್ದಿಗೆ ನಿದ್ದೆಗೆಟ್ಟು ಗೊಣಗುತ್ತಾರೆ. ಆದ್ದರಿಂದ ಈ ಸಲ ನಮ್ಮ ಅಂಕಣದಲ್ಲಿ ಮನೆಬಳಕೆಗೆ ಹಿತವಾದ, ಸದ್ದು ಕಡಿಮೆ ಮಾಡುವ ಮೆಕ್ಯಾನಿಕಲ್ ಕೀಬೋರ್ಡನ್ನು ಆರಿಸುವುದು ಹೇಗೆ ಎಂಬುದನ್ನು ವಿವರಿಸುತ್ತೇವೆ.

ನಮ್ಮ ಕಡೆ ಇದು ಯಾರ ಮಾತು?

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಗಡಿಯ ಊರುಗಳು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಇಂದು ಮೊದಲಿನ ಎರಡು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿವೆ. ಇಲ್ಲಿಯ ಹಲವು ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಎಂಬ ಬಾಳು ಇಂದಿಗೂ ಇದೆ.

ಹಗಲಲ್ಲಿ ತೊಗರಿ, ಹತ್ತಿ, ಶುಂಠಿ, ಕಬ್ಬಿನ ಕೆಲಸ. ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಒಂದೆರಡು ತಾಸು ಎಂಬುದು ಈಗ ಅಪರೂಪವಲ್ಲ. ಮದುವೆಯ ಲಗ್ನಪತ್ರಿಕೆ ಅಚ್ಚಿಗೆ ಸಿದ್ಧಮಾಡುವವರು, ಅರ್ಜಿ ಬರೆದುಕೊಡುವವರು, ಹೈದರಾಬಾದಿನ ಕಂಪನಿಗಳಿಗೆ ಮನೆಯಿಂದಲೇ ಡೇಟಾ ಎಂಟ್ರಿ ಮಾಡುವ ಹೆಣ್ಣುಮಕ್ಕಳು, ನೌಕರಿಯ ಪರೀಕ್ಷೆಗಾಗಿ ಟೈಪಿಂಗ್ ಅಭ್ಯಾಸ ಮಾಡುವ ಹುಡುಗರು, ಹಾಲಿನ ಲೆಕ್ಕ, ಕಿರಾಣಿ ಲೆಕ್ಕ ಬರೆಯುವವರು ಎಲ್ಲರಿಗೂ ಕೀಬೋರ್ಡ್ ಬೇಕು. ಮನೆಗಳಾದರೋ ಎರಡು ಕೋಣೆಯವು. ಅದೇ ಕೋಣೆಯಲ್ಲಿ ಅಜ್ಜಿ ಮಲಗಿರುತ್ತಾಳೆ, ತೊಟ್ಟಿಲಲ್ಲಿ ಕೂಸು ಇರುತ್ತದೆ, ಬೆಳಗಿನ ಐದಕ್ಕೆ ಹಾಲು ಕರೆಯಲು ಏಳಬೇಕಾದ ಗಂಡಸು ಇರುತ್ತಾನೆ. ಹೀಗಿರುವಾಗ ಕೀಬೋರ್ಡಿನ ಸದ್ದು ಸಣ್ಣ ವಿಷಯವೆಂದು ತೋರಿದರೂ, ಅದೇ ಕಾರಣಕ್ಕೆ ಜಗಳ ಬೆಳೆದು ಸೊಸೆಯೋ ಮಗಳೋ ಕೈಗೆ ಬಂದ ದುಡಿಮೆಯನ್ನು ಬಿಡಬೇಕಾದೀತು. ದುಡಿಯುವ ಕೈಯೂ ಉಳಿಯಬೇಕು, ಮಲಗಿದವರ ನಿದ್ದೆಯೂ ಉಳಿಯಬೇಕು. ಎರಡನ್ನೂ ಒಟ್ಟಿಗೆ ಕಾಯುವ ದಾರಿ ಇದೆ.

ನಿದ್ದೆ ಮತ್ತು ಸದ್ದು

ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ನೇ ಇಸವಿಯಲ್ಲಿ ಬಂದವು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದು 45 ಡೆಸಿಬೆಲ್ ಮೀರಬಾರದೆಂದು ಅವು ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಒಳ್ಳೆಯ ನಿದ್ದೆಗೆ ಮಲಗುವ ಕೋಣೆಯೊಳಗೆ ಒಂದೇ ಸಮನೆ ಇರುವ ಸದ್ದು 30 ಡೆಸಿಬೆಲ್ ದಾಟಬಾರದು. ಆಗಾಗ ಕೇಳಿಬರುವ ಬಿಡಿ ಸದ್ದು 45 ಡೆಸಿಬೆಲ್ ದಾಟಬಾರದು.

ಈ ಅಂಕಿಗಳಲ್ಲಿ ಒಂದು ಪಾಠವಿದೆ. ಫ್ಯಾನಿನ ಸದ್ದು ಒಂದೇ ಸಮನೆ ಇರುವುದರಿಂದ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಕೀಬೋರ್ಡಿನ ಸದ್ದು ಹಾಗಲ್ಲ. ಟಕಟಕ ಎಂದು ನಾಲ್ಕು ಪೆಟ್ಟು, ಸ್ವಲ್ಪ ನಿಲುಗಡೆ, ಮತ್ತೆ ಹತ್ತು ಪೆಟ್ಟು. ಹೀಗೆ ಬಿಟ್ಟುಬಿಟ್ಟು ಬರುವ ಚೂಪಾದ ಸದ್ದಿಗೆ ಅರೆನಿದ್ದೆಯಲ್ಲಿರುವವರು ಬೇಗ ಎಚ್ಚರಗೊಳ್ಳುತ್ತಾರೆ. ಹಳ್ಳಿಯ ರಾತ್ರಿ ಪೇಟೆಯ ರಾತ್ರಿಗಿಂತ ನಿಶ್ಶಬ್ದವಾದ್ದರಿಂದ ಅದು ಇನ್ನೂ ಎದ್ದು ಕೇಳಿಸುತ್ತದೆ. ವಯಸ್ಸಾದವರಿಗೂ ರಕ್ತದ ಒತ್ತಡ ಇರುವವರಿಗೂ ನಿದ್ದೆ ಔಷಧದಷ್ಟೇ ಮುಖ್ಯ.

ಕೀಬೋರ್ಡಿನ ಒಳಗೆ ಏನಿದೆ?

ಟೈಪ್‌ರೈಟರ್ ಕಾಲವನ್ನು ನೋಡಿದವರಿಗೆ ಅದರ ಸದ್ದು ನೆನಪಿದ್ದೀತು. ಗೋದ್ರೆಜ್ ಕಂಪನಿ 1955ರಲ್ಲಿ ನಮ್ಮ ದೇಶದಲ್ಲಿ ಟೈಪ್‌ರೈಟರ್ ತಯಾರಿಕೆ ಆರಂಭಿಸಿ 2009ರಲ್ಲಿ ನಿಲ್ಲಿಸಿತು. ಅಲ್ಲಿ ಅಕ್ಷರದ ಅಚ್ಚು ಕಾಗದಕ್ಕೆ ಬಡಿಯಲೇಬೇಕಾದ್ದರಿಂದ ಬೆರಳಿಗೆ ಬಲವೂ ಬೇಕಿತ್ತು, ಸದ್ದೂ ತಪ್ಪದು. ಕಂಪ್ಯೂಟರಿನಲ್ಲಿ ಹಾಗಿಲ್ಲ. ಎರಡು ಲೋಹದ ತುದಿಗಳು ತಾಗಿದರೆ ಸಾಕು, ಅಕ್ಷರ ಮೂಡುತ್ತದೆ.

ಅಗ್ಗದ ಕೀಬೋರ್ಡುಗಳಲ್ಲಿ ಎಲ್ಲ ಕೀಗಳ ಕೆಳಗೆ ರಬ್ಬರಿನ ಒಂದೇ ಹಾಳೆ ಇರುತ್ತದೆ. ಅದರಲ್ಲಿ ಕೀಗೊಂದರಂತೆ ಸಣ್ಣ ಗುಬ್ಬಿಗಳು. ಕೀ ಒತ್ತಿದಾಗ ಗುಬ್ಬಿ ಕುಸಿದು ಕೆಳಗಿನ ಪ್ಲಾಸ್ಟಿಕ್ ಪೊರೆಗಳನ್ನು ಕೂಡಿಸುತ್ತದೆ. ಇದಕ್ಕೆ ಸದ್ದು ಕಡಿಮೆಯೇ. ಆದರೆ ಕೀಯನ್ನು ತಳದವರೆಗೆ ಒತ್ತಿದ ಹೊರತು ಅಕ್ಷರ ಮೂಡುವುದಿಲ್ಲ. ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗುತ್ತದೆ, ಕೆಲವು ಕೀಗಳು ಬಿಗಿ, ಕೆಲವು ಸಡಿಲ ಆಗುತ್ತವೆ. ಬೆರಳು ಪ್ರತಿ ಅಕ್ಷರಕ್ಕೂ ತಳ ಬಡಿಯುತ್ತ ದಣಿಯುತ್ತದೆ.

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಬೇರೆಬೇರೆ ಸ್ವಿಚ್, ಅದರೊಳಗೆ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಸಾಮಾನ್ಯವಾದ ಸ್ವಿಚ್ ಒಟ್ಟು 4 ಮಿಲಿಮೀಟರ್ ಕೆಳಗಿಳಿಯುತ್ತದೆ. ಆದರೆ 2 ಮಿಲಿಮೀಟರ್ ಇಳಿದಾಗಲೇ ಅಕ್ಷರ ಮೂಡಿರುತ್ತದೆ. ಅಂದರೆ ಅರ್ಧ ದಾರಿಯಲ್ಲೇ ಕೆಲಸ ಮುಗಿಯಿತು. ಅಭ್ಯಾಸವಾದವರು ತಳಕ್ಕೆ ಬಡಿಯದೆ ಹಗುರವಾಗಿ ಟೈಪ್ ಮಾಡಬಲ್ಲರು. ಒಂದು ಕೀ ಕೆಟ್ಟರೆ ಆ ಸ್ವಿಚ್ಚನ್ನಷ್ಟೇ ಬದಲಿಸಬಹುದು. ಹೆಚ್ಚು ಟೈಪ್ ಮಾಡುವವರಿಗೆ ಇದು ಒಳ್ಳೆಯದೆನ್ನುವುದು ಈ ಕಾರಣಗಳಿಗೆ. ದಿನಕ್ಕೆ ಹತ್ತು ನಿಮಿಷ ಮಾತ್ರ ಬಳಸುವವರು ಇದಕ್ಕಾಗಿ ಹೆಚ್ಚು ಹಣ ಹಾಕಬೇಕಾದ ಅಗತ್ಯವಿಲ್ಲವೆಂದೂ ಹೇಳಿಬಿಡುತ್ತೇವೆ.

ಬಣ್ಣ ನೋಡಿ ಕೊಳ್ಳಿ

ಮೆಕ್ಯಾನಿಕಲ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಜರ್ಮನಿಯ ಚೆರ್ರಿ ಕಂಪನಿ ತನ್ನ ಸ್ವಿಚ್‌ಗಳ ಗುಣವನ್ನು ಬಣ್ಣದಿಂದ ಗುರುತಿಸುವ ರೂಢಿ ತಂದಿತು. ಗ್ಯಾಟೆರಾನ್, ಕೈಲ್, ಔಟೆಮು ಮೊದಲಾದ ಚೀನಾದ ತಯಾರಕರೂ ಬಹುಮಟ್ಟಿಗೆ ಅದನ್ನೇ ಅನುಸರಿಸುತ್ತಾರೆ. ಕೀಯ ಮೇಲಿನ ಮುಚ್ಚಳವನ್ನು ಎತ್ತಿದರೆ ಒಳಗಿನ ಬಣ್ಣ ಕಾಣುತ್ತದೆ.

ನೀಲಿ: ಒತ್ತಿದಾಗಲೆಲ್ಲ ‘ಟಿಕ್’ ಎಂದು ಸದ್ದು ಮಾಡುವಂತೆ ಬೇಕೆಂದೇ ಮಾಡಿದ್ದು. ಅಕ್ಷರ ಮೂಡಿತೆಂದು ಕಿವಿಗೂ ಬೆರಳಿಗೂ ತಿಳಿಯುತ್ತದೆ.

ಕಂದು: ‘ಟಿಕ್’ ಸದ್ದಿಲ್ಲ. ಆದರೆ ಅಕ್ಷರ ಮೂಡುವ ಜಾಗದಲ್ಲಿ ಬೆರಳಿಗೆ ಸಣ್ಣ ಉಬ್ಬು ದಾಟಿದ ಅನುಭವವಾಗುತ್ತದೆ.

ಕೆಂಪು: ಉಬ್ಬೂ ಇಲ್ಲ, ‘ಟಿಕ್’ ಸದ್ದೂ ಇಲ್ಲ. ಬೆಣ್ಣೆಯಲ್ಲಿ ಬೆರಳಿಟ್ಟಂತೆ ನುಣುಪಾಗಿ ಇಳಿಯುತ್ತದೆ. ಚೆರ್ರಿಯ ಕೆಂಪು ಸ್ವಿಚ್ಚಿಗೆ ಬೇಕಾದ ಬಲ ಸುಮಾರು 45 ಗ್ರಾಂ ತೂಕದಷ್ಟು.

ಕಪ್ಪು: ಕೆಂಪಿನಂತೆಯೇ, ಆದರೆ ಬಿಗಿ. ಸುಮಾರು 60 ಗ್ರಾಂ ತೂಕದಷ್ಟು ಬಲ ಬೇಕು.

ಸೈಲೆಂಟ್: ಕೆಂಪಿನ ಜಾತಿಯೇ. ಆದರೆ ಒಳಗಿನ ಕಡ್ಡಿಯ ತುದಿಗಳಿಗೆ ಮೆತ್ತನೆಯ ರಬ್ಬರ್ ಇರುತ್ತದೆ. ಕೀ ತಳಕ್ಕೆ ತಾಗುವಾಗಲೂ ಮೇಲಕ್ಕೆ ಮರಳುವಾಗಲೂ ಸದ್ದು ಅಡಗುತ್ತದೆ. ಚೆರ್ರಿಯ ಈ ಜಾತಿಯ ಸ್ವಿಚ್ 3.7 ಮಿಲಿಮೀಟರ್ ಮಾತ್ರ ಇಳಿಯುತ್ತದೆ.

ನಮ್ಮ ದೇಶದ ಕಚೇರಿ, ಬ್ಯಾಂಕು ಮತ್ತು ಡಿ.ಟಿ.ಪಿ. ಅಂಗಡಿಗಳಲ್ಲಿ ವರ್ಷಗಟ್ಟಲೆ ಬಳಕೆಯಾಗಿ ಹೆಸರು ಪಡೆದ ಟಿ.ವಿ.ಎಸ್. ಗೋಲ್ಡ್ ಕೀಬೋರ್ಡ್ ನೀಲಿ ಜಾತಿಗೆ ಪ್ರಸಿದ್ಧ. ಗಟ್ಟಿಮುಟ್ಟು, ಬಾಳಿಕೆ ಬರುವಂಥದು. ಅಂಗಡಿಯ ಗಲ್ಲಾದ ಮುಂದೆ, ಗಿರಾಕಿಗಳ ಗದ್ದಲದ ನಡುವೆ ಅದರ ‘ಟಿಕ್’ ಸದ್ದು ಉಪಕಾರವೇ ಸರಿ. ಆದರೆ ಅಂಗಡಿಯಲ್ಲಿ ಒಳ್ಳೆಯದೆಂದು ಕಂಡದ್ದನ್ನೇ ಮಲಗುವ ಕೋಣೆಗೂ ತಂದರೆ ಮನೆಯವರಿಗೆ ಕಷ್ಟ. ನಾಡಿಗೆ ಒಗ್ಗುವ ನೇಗಿಲು ಬೇರೆ, ತೋಟದ ಸಾಲಿಗೆ ಒಗ್ಗುವ ಕುಂಟೆ ಬೇರೆ ಎಂಬಂತೆ ಇದು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಹೇಳಬೇಕು. ಕೆಂಪು ಮತ್ತು ಕಂದು ಸ್ವಿಚ್‌ಗಳು ಸದ್ದೇ ಮಾಡುವುದಿಲ್ಲವೆಂದು ಕೆಲವರು ನಂಬಿದ್ದಾರೆ. ಅವು ‘ಟಿಕ್’ ಎನ್ನುವುದಿಲ್ಲ ಅಷ್ಟೇ. ಕೀ ತಳಕ್ಕೆ ಬಡಿದ ಸದ್ದು ಇದ್ದೇ ಇರುತ್ತದೆ. ರಾತ್ರಿ ಜನ ಮಲಗಿರುವ ಕೋಣೆಯಲ್ಲಿಯೇ ಟೈಪ್ ಮಾಡಬೇಕಾದವರು ‘ಸೈಲೆಂಟ್’ ಎಂದು ಬರೆದಿರುವುದನ್ನೇ ಕೇಳಿ ಪಡೆಯಬೇಕು. ಬೇರೆ ಕೋಣೆ ಇದ್ದವರಿಗೆ ಕೆಂಪು ಅಥವಾ ಕಂದು ಸಾಕು.

ಹತ್ತು ರೂಪಾಯಿ ನಾಣ್ಯದ ಪರೀಕ್ಷೆ

ಗ್ರಾಂ ಲೆಕ್ಕ ಹೇಳಿದರೆ ಅಂದಾಜಾಗುವುದಿಲ್ಲ ಎನ್ನುವವರಿಗೆ ಒಂದು ಸುಲಭ ಉಪಾಯವಿದೆ. ಹತ್ತು ರೂಪಾಯಿಯ ಎರಡು ಬಣ್ಣದ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಆರು ನಾಣ್ಯಗಳೆಂದರೆ ಸುಮಾರು 46 ಗ್ರಾಂ. ಎಂಟು ನಾಣ್ಯಗಳೆಂದರೆ ಸುಮಾರು 62 ಗ್ರಾಂ. ಕೀಬೋರ್ಡನ್ನು ಸಮತಟ್ಟಾಗಿ ಇಟ್ಟು, ನಡುವಿನ ಒಂದು ಕೀಯ ಮೇಲೆ ನಾಣ್ಯಗಳನ್ನು ಒಂದರ ಮೇಲೊಂದು ಮೆಲ್ಲನೆ ಪೇರಿಸಿ. ಆರು ಏಳು ನಾಣ್ಯಕ್ಕೆ ಅಕ್ಷರ ಮೂಡಿದರೆ ಅದು ಹಗುರ ಸ್ವಿಚ್. ಎಂಟು ಒಂಬತ್ತು ಬೇಕಾದರೆ ಬಿಗಿ ಸ್ವಿಚ್. ಅಕ್ಕಪಕ್ಕದ ಕೀಗಳಲ್ಲಿ ಈ ಲೆಕ್ಕ ಎರಡು ಮೂರು ನಾಣ್ಯಗಳಷ್ಟು ಏರುಪೇರಾದರೆ ಆ ಕೀಬೋರ್ಡನ್ನು ಕೊಳ್ಳಬೇಡಿ.

ಸಂದುನೋವು ಇರುವವರಿಗೆ, ವಯಸ್ಸಾದವರಿಗೆ, ಹಗಲೆಲ್ಲ ಕುಡುಗೋಲು ಹಿಡಿದವರಿಗೆ ಹಗುರ ಸ್ವಿಚ್ ಹಿತ. ಆದರೆ ಅತಿ ಹಗುರವೂ ಒಳ್ಳೆಯದಲ್ಲ. ಬೆರಳು ಸುಮ್ಮನೆ ತಾಗಿದರೂ ಅಕ್ಷರ ಮೂಡಿ ತಪ್ಪುಗಳಾಗುತ್ತವೆ. ಆ ಭಯಕ್ಕೆ ಬೆರಳುಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕುಳಿತರೆ ಮುಂಗೈ ಸೋಲುತ್ತದೆ. ಮನೆಬಳಕೆಗೆ 45ರಿಂದ 55 ಗ್ರಾಂ ನಡುವಿನದು ಹೆಚ್ಚಿನವರಿಗೆ ಒಗ್ಗುತ್ತದೆ.

ಕನ್ನಡ ಟೈಪ್ ಮಾಡುವವರ ಕಿರುಬೆರಳು

ಇಂಗ್ಲಿಷ್ ಟೈಪ್ ಮಾಡುವವರಿಗಿಲ್ಲದ ಒಂದು ತೊಂದರೆ ನಮಗಿದೆ. ಕನ್ನಡದಲ್ಲಿ ಶಿಫ್ಟ್ ಕೀ ಒತ್ತುವ ಕೆಲಸ ಹೆಚ್ಚು, ಅದು ಬೀಳುವುದು ಕಿರುಬೆರಳಿನ ಮೇಲೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ, ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಮಹಾಪ್ರಾಣಗಳಿಗೂ ದೀರ್ಘಸ್ವರಗಳಿಗೂ ಶಿಫ್ಟ್ ಬೇಕು. ಒತ್ತಕ್ಷರಕ್ಕೆ ‘ಎಫ್’ ಕೀ. ‘ಭಾಗ್ಯ’ ಎಂದು ಬರೆಯಲು ಐದು ಕೀ, ಅದರಲ್ಲಿ ಎರಡು ಶಿಫ್ಟಿನೊಂದಿಗೆ. ಕಲಿಯಲು ಇದು ಬಹಳ ಸುಲಭ ಎಂಬುದು ನಿಜ. ಆದರೆ ಶಿಫ್ಟ್ ಕೀ ಬಿಗಿಯಾಗಿದ್ದರೆ ಸಂಜೆಯ ಹೊತ್ತಿಗೆ ಕಿರುಬೆರಳು ನೋಯದೆ ಇರದು.

ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1980ರ ದಶಕದಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸ ಇನ್ನೊಂದು ದಾರಿ. ಅದರಲ್ಲಿ ಗುಣಿತದ ಚಿಹ್ನೆಗಳಿಗೆ ಶಿಫ್ಟ್ ಬೇಡ. ‘ಭಾಗ್ಯ’ ಪದಕ್ಕೆ ಒಂದೇ ಸಲ ಶಿಫ್ಟ್ ಸಾಕು. ಗಡಿಯವರಾದ ನಮಗೆ ಇದರಲ್ಲಿ ಇನ್ನೊಂದು ಲಾಭವೂ ಇದೆ. ಕನ್ನಡದ ‘ಕ’ ಎಲ್ಲಿದೆಯೋ ತೆಲುಗಿನ ‘ಕ’ವೂ ಅಲ್ಲಿಯೇ ಇದೆ. ಹಗಲು ಕಚೇರಿಯಲ್ಲಿ ತೆಲುಗು, ರಾತ್ರಿ ಮನೆಯಲ್ಲಿ ಕನ್ನಡ ಟೈಪ್ ಮಾಡುವವರು ಒಂದೇ ಬೆರಳಿನ ಪಾಠದಲ್ಲಿ ಎರಡೂ ಲಿಪಿ ಬರೆಯಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಎರಡೂ ಭಾಷೆಗಳ ಈ ವಿನ್ಯಾಸ ಮೊದಲೇ ಅಡಕವಾಗಿರುತ್ತದೆ. ಕೀಗಳ ಮೇಲೆ ಕನ್ನಡ ಅಕ್ಷರ ಅಚ್ಚಾಗಿರಲೇಬೇಕೆಂದಿಲ್ಲ.

ಯಾವ ವಿನ್ಯಾಸವಾದರೂ ಸರಿ, ಎರಡು ಅಭ್ಯಾಸ ಮಾಡಿಕೊಳ್ಳಿ. ಎಡಗೈಯ ಅಕ್ಷರಕ್ಕೆ ಬಲಗಡೆಯ ಶಿಫ್ಟ್, ಬಲಗೈಯ ಅಕ್ಷರಕ್ಕೆ ಎಡಗಡೆಯ ಶಿಫ್ಟ್ ಒತ್ತಿ. ಕಿರುಬೆರಳು ಈಗಾಗಲೇ ನೋಯುತ್ತಿದ್ದರೆ ವಿಂಡೋಸಿನ ‘ಸ್ಟಿಕಿ ಕೀಸ್’ ಸೌಲಭ್ಯ ಬಳಸಿ. ಶಿಫ್ಟನ್ನು ಹಿಡಿದೇ ಇರಬೇಕಾಗಿಲ್ಲ, ಒಮ್ಮೆ ಒತ್ತಿ ಬಿಟ್ಟು ಆಮೇಲೆ ಅಕ್ಷರ ಒತ್ತಿದರೆ ಸಾಕು. ಕೀಬೋರ್ಡ್ ಕೊಳ್ಳುವಾಗಲೂ ನಡುವಿನ ಕೀಗಳನ್ನಷ್ಟೇ ಒತ್ತಿ ನೋಡದೆ ಎರಡೂ ಶಿಫ್ಟ್ ಕೀಗಳನ್ನು ಕಿರುಬೆರಳಿನಿಂದಲೇ ಒತ್ತಿ ನೋಡಿ.

ಅಳತೆ ಮತ್ತು ಎತ್ತರ

ಪೂರ್ಣ ಅಳತೆಯ ಕೀಬೋರ್ಡಿನಲ್ಲಿ 104 ಕೀಗಳಿರುತ್ತವೆ. ಬಲಗಡೆ ಅಂಕಿಗಳ ಕಟ್ಟು ಬೇರೆಯಾಗಿ ಇರುತ್ತದೆ. ಲೆಕ್ಕ ಬರೆಯುವವರಿಗೆ ಇದು ಬೇಕು. ಕೇವಲ ಅಕ್ಷರ ಬರೆಯುವವರಿಗೆ ಅಂಕಿಕಟ್ಟು ಇಲ್ಲದ 87 ಕೀಗಳದ್ದೇ ಮೇಲು. ಕೀಬೋರ್ಡ್ ಉದ್ದವಾದಷ್ಟೂ ಮೌಸ್ ದೂರ ಹೋಗುತ್ತದೆ, ಅದನ್ನು ಹಿಡಿಯಲು ಚಾಚಿ ಚಾಚಿ ಬಲಭುಜ ನೋಯುತ್ತದೆ.

ಮೆಕ್ಯಾನಿಕಲ್ ಕೀಬೋರ್ಡುಗಳು ಸಾಮಾನ್ಯವಾಗಿ ಎತ್ತರ. ಹಿಂಬದಿಯ ಸಣ್ಣ ಕಾಲುಗಳನ್ನು ಬಿಚ್ಚಿ ನಿಲ್ಲಿಸಿದರೆ ಇನ್ನೂ ಎತ್ತರವಾಗಿ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಆ ಕಾಲುಗಳನ್ನು ಮಡಚಿಯೇ ಇಡಿ. ಮುಂಗೈ ಮತ್ತು ಅಂಗೈ ಒಂದೇ ನೇರದಲ್ಲಿರಬೇಕು. ಬೇಕಾದರೆ ಅಂಗೈ ಊರಲು ಮುಂದೆ ಒಂದು ಆಸರೆ ಇಟ್ಟುಕೊಳ್ಳಿ. ಇದನ್ನು ಕೊಂಡು ತರಬೇಕೆಂದಿಲ್ಲ. ಗಟ್ಟಿ ಬಟ್ಟೆಯ ಉದ್ದನೆಯ ಚೀಲ ಹೊಲಿದು ಚೆನ್ನಾಗಿ ಒಣಗಿಸಿದ ಜೋಳ ತುಂಬಿದರೆ ಆಯಿತು. ಹುಳು ಬೀಳದಂತೆ ಆಗಾಗ ಬಿಸಿಲಿಗೆ ಹಾಕಿ, ಕಾಳು ಬದಲಿಸುತ್ತಿರಿ. ಇದರ ಮೇಲೆ ಊರಬೇಕಾದ್ದು ಅಂಗೈಯ ಬುಡವನ್ನು, ಮಣಿಕಟ್ಟನ್ನಲ್ಲ. ಅದೂ ಟೈಪ್ ಮಾಡುವುದನ್ನು ನಿಲ್ಲಿಸಿದಾಗ.

ನೆಲದ ಮೇಲೆ ಕುಳಿತು ಡೆಸ್ಕಿನ ಮೇಲೆ ಬರೆಯುವ ರೂಢಿ ಇದ್ದವರು ಅದನ್ನೇ ಮುಂದುವರಿಸಬಹುದು. ಆದರೆ ಡೆಸ್ಕು ಮೊಣಕೈಯ ಮಟ್ಟಕ್ಕಿಂತ ಎತ್ತರವಿರಬಾರದು. ಎತ್ತರವಿದ್ದರೆ ಕೆಳಗೆ ಒಂದು ಚಾಪೆ ಮಡಿಚಿ ಹಾಕಿ ಕುಳಿತುಕೊಳ್ಳಿ. ಮಂಚದ ಮೇಲೆ ಒರಗಿ, ಕೀಬೋರ್ಡನ್ನು ತೊಡೆಯ ಮೇಲಿಟ್ಟು ಟೈಪ್ ಮಾಡುವುದು ಕುತ್ತಿಗೆಗೂ ಕೈಗೂ ಕೆಟ್ಟದ್ದು.

ಇರುವ ಕೀಬೋರ್ಡಿನ ಸದ್ದನ್ನು ತಗ್ಗಿಸುವುದು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ. ಹೊಸದನ್ನು ಕೊಳ್ಳುವ ಮೊದಲು ಇದ್ದುದನ್ನೇ ಸುಧಾರಿಸಲು ಸಾಧ್ಯವೇ ನೋಡಬೇಕು. ನಮಗೆ ಕೇಳಿಸುವ ಸದ್ದೆಲ್ಲ ಸ್ವಿಚ್ಚಿನದಲ್ಲ. ತಗಡಿನ ಅಥವಾ ತೆಳು ಪ್ಲೈವುಡ್ಡಿನ ಟೇಬಲ್ಲು ಡೊಳ್ಳಿನಂತೆ ಆ ಸದ್ದನ್ನು ದೊಡ್ಡದು ಮಾಡುತ್ತದೆ.

ಒಂದು: ಹಳೆಯ ಕೌದಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಕೀಬೋರ್ಡಿನ ಕೆಳಗೆ ಹಾಸಿ. ಖರ್ಚಿಲ್ಲದ ಈ ಉಪಾಯದಿಂದ ಟೇಬಲ್ಲಿನ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಟೇಬಲ್ಲನ್ನು ಗೋಡೆಗೆ ತಾಗದಂತೆ ನಾಲ್ಕು ಬೆರಳು ಈಚೆ ಸರಿಸಿ.

ಎರಡು: ಸ್ಪೇಸ್, ಎಂಟರ್, ಶಿಫ್ಟ್ ಮೊದಲಾದ ಉದ್ದ ಕೀಗಳ ಕೆಳಗೆ ಒಂದು ತಂತಿ ಇರುತ್ತದೆ. ಹೆಚ್ಚು ಗಡಗಡ ಎನ್ನುವುದು ಇದೇ. ಮುಚ್ಚಳ ತೆಗೆದು ತಂತಿಯ ತುದಿಗಳಿಗೆ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸನ್ನು ಕಡ್ಡಿಯ ತುದಿಯಷ್ಟು ಹಚ್ಚಿ. ಅಡಿಗೆ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಧೂಳು ಕೂತು ಅಂಟಾಗಿ ಕೀ ಸಿಕ್ಕಿಹಾಕಿಕೊಳ್ಳುತ್ತದೆ.

ಮೂರು: ಕೀ ಮುಚ್ಚಳಗಳ ಒಳಗಿನ ಕಡ್ಡಿಗೆ ಹಾಕುವ ಸಣ್ಣ ರಬ್ಬರ್ ಉಂಗುರಗಳು ಸಿಗುತ್ತವೆ. ತಳಕ್ಕೆ ಬಡಿಯುವ ಸದ್ದು ಇದರಿಂದ ತಗ್ಗುತ್ತದೆ. ನೀಲಿ ಸ್ವಿಚ್ಚಿನ ‘ಟಿಕ್’ ಮಾತ್ರ ಇದರಿಂದ ಹೋಗುವುದಿಲ್ಲ.

ನಾಲ್ಕು: ಹಗುರವಾಗಿ ಒತ್ತುವುದನ್ನು ಕಲಿಯಿರಿ. ಟೈಪ್‌ರೈಟರಿನಲ್ಲಿ ಕಲಿತವರ ಬೆರಳಿಗೆ ಬಡಿಯುವ ಅಭ್ಯಾಸ ಇರುತ್ತದೆ. ದಿನಕ್ಕೆ ಹತ್ತು ನಿಮಿಷ ಬೇಕೆಂದೇ ನಿಧಾನವಾಗಿ, ಮೆಲ್ಲಗೆ ಒತ್ತುತ್ತ ಹೋದರೆ ಕೆಲವು ವಾರಗಳಲ್ಲಿ ಬೆರಳು ಹೊಸ ಪಾಠ ಕಲಿಯುತ್ತದೆ. ಸದ್ದು ತಗ್ಗಿದಷ್ಟೂ ಬೆರಳಿನ ದಣಿವೂ ತಗ್ಗುತ್ತದೆ.

ಧೂಳಿನ ಕಾಟ

ತಾಂಡೂರಿನಲ್ಲಿ ನೀಲಿಕಲ್ಲಿನ ಪಾಲಿಶ್ ಧೂಳು, ಸಿಮೆಂಟ್ ಧೂಳು. ಜಹೀರಾಬಾದ್ ಕಡೆ ಕೆಂಪುಮಣ್ಣಿನ ಧೂಳು. ರಾಶಿಯ ಕಾಲದಲ್ಲಿ ಎಲ್ಲ ಕಡೆ ತೊಗರಿಯ ಹೊಟ್ಟು. ಧೂಳು ಹೊಕ್ಕ ಸ್ವಿಚ್ ಕಿರುಗುಟ್ಟುತ್ತದೆ, ಬಿಗಿಯಾಗುತ್ತದೆ, ಒಂದು ಸಲ ಒತ್ತಿದರೆ ಎರಡು ಅಕ್ಷರ ಮೂಡಿಸುತ್ತದೆ. ಕೆಲಸವಾದ ಕೂಡಲೇ ಬಟ್ಟೆ ಮುಚ್ಚಿ. ತಿಂಗಳಿಗೊಮ್ಮೆ ತಲೆಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಒಣ ಬ್ರಷ್ಷಿನಿಂದ ಗುಡಿಸಿ. ಮುಚ್ಚಳಗಳನ್ನು ವರ್ಷಕ್ಕೆರಡು ಸಲ ತೆಗೆದು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಜೋಡಿಸುವಾಗ ಜಾಗ ತಪ್ಪುವುದಿಲ್ಲ.

‘ಹಾಟ್ ಸ್ವಾಪ್’ ಎಂದು ಬರೆದಿರುವ ಕೀಬೋರ್ಡುಗಳಲ್ಲಿ ಬೆಸುಗೆ ಇರುವುದಿಲ್ಲ. ಕೆಟ್ಟ ಸ್ವಿಚ್ಚನ್ನು ಚಿಮಟದಿಂದ ಕಿತ್ತು ಹೊಸದನ್ನು ಮನೆಯಲ್ಲಿಯೇ ಕೂಡಿಸಬಹುದು. ರಿಪೇರಿಯವರು ಹತ್ತಿರವಿಲ್ಲದ ನಮ್ಮ ಊರುಗಳಿಗೆ ಇದು ಅನುಕೂಲ. ಮುಂದೆ ಸೈಲೆಂಟ್ ಸ್ವಿಚ್ ಬೇಕೆನಿಸಿದರೂ ಇಡೀ ಕೀಬೋರ್ಡ್ ಬದಲಿಸಬೇಕಾಗಿಲ್ಲ.

ಕೊಳ್ಳುವಾಗ

ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್ ಕಂಪ್ಯೂಟರ್ ಸಾಮಾನಿಗೆ ಹೆಸರಾದ ಜಾಗ. ತಾಂಡೂರಿನವರಿಗೆ ರೈಲಿದೆ, ಜಹೀರಾಬಾದಿನವರಿಗೆ 65ನೇ ರಾಷ್ಟ್ರೀಯ ಹೆದ್ದಾರಿಯ ಬಸ್ಸುಗಳಿವೆ, ನಾರಾಯಣಖೇಡದವರಿಗೆ ಬೀದರ್ ಪೇಟೆ ಹತ್ತಿರ. ಬೇರೆ ಕೆಲಸಕ್ಕೆ ಹೋದಾಗ ಅರ್ಧ ತಾಸು ಬಿಡುವು ಮಾಡಿಕೊಂಡು ಹಲವು ಬಗೆಯವನ್ನು ಒತ್ತಿ ನೋಡಿ. ಅಂಗಡಿಯ ಗದ್ದಲದಲ್ಲಿ ಎಲ್ಲವೂ ಮೆತ್ತಗೆ ಕೇಳಿಸುತ್ತವೆ ಎಂಬುದು ನೆನಪಿರಲಿ. ಕಿವಿಯನ್ನು ಹತ್ತಿರ ತಂದು ಕೇಳಿ. ನಿಮ್ಮ ಮನೆಯ ರಾತ್ರಿಯನ್ನು ಮನಸ್ಸಿಗೆ ತಂದುಕೊಳ್ಳಿ.

ಬಣ್ಣಬಣ್ಣದ ದೀಪಗಳಿಗೆ ಹಣ ಕೊಡಬೇಡಿ. ಆ ಹಣ ಒಳ್ಳೆಯ ಸ್ವಿಚ್ಚಿಗೆ ಹೋಗಲಿ. ಮಲಗುವ ಕೋಣೆಯಲ್ಲಿ ಮಿನುಗುವ ದೀಪವೂ ನಿದ್ದೆಗೆ ಅಡ್ಡಿಯೇ. ಬಿಲ್ಲು ಮತ್ತು ವಾರಂಟಿ ಚೀಟಿ ಕೇಳಿ ಪಡೆಯಿರಿ. ಆನ್‌ಲೈನಿನಲ್ಲಿ ತರಿಸುವವರು ವಾಪಸು ಮಾಡುವ ಅವಧಿಯನ್ನು ಮೊದಲು ಓದಿ, ಬಂದ ದಿನವೇ ಎಲ್ಲ ಕೀಗಳನ್ನೂ ಒತ್ತಿ ನೋಡಿ. ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿಗಳೂ ನಿರಾಶರಾಗಬೇಕಿಲ್ಲ, ಓ.ಟಿ.ಜಿ. ಸೌಲಭ್ಯವಿರುವ ಮೊಬೈಲಿಗೆ ಸಣ್ಣ ಕೊಂಡಿಯ ಮೂಲಕ ಕೀಬೋರ್ಡ್ ಜೋಡಿಸಿ ಅಭ್ಯಾಸ ಮಾಡಬಹುದು.

ಕೈ ಹೇಳುವ ಮಾತನ್ನು ಕೇಳಿ

ಕೊನೆಗೆ ಅತಿ ಮುಖ್ಯವಾದ ಮಾತು. ಒಳ್ಳೆಯ ಕೀಬೋರ್ಡ್ ದಣಿವನ್ನು ತಗ್ಗಿಸುತ್ತದೆ, ಅದು ಔಷಧವಲ್ಲ. ನಮ್ಮ ಮಣಿಕಟ್ಟಿನ ಒಳಬದಿಯಲ್ಲಿ ಮೂಳೆಗಳು ಮತ್ತು ಒಂದು ಗಟ್ಟಿ ಪಟ್ಟಿಯ ನಡುವೆ ಇಕ್ಕಟ್ಟಾದ ದಾರಿಯಿದೆ. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಆ ದಾರಿಯಲ್ಲಿಯೇ ಹಾದುಹೋಗುತ್ತವೆ. ಅಲ್ಲಿ ಬಾವು ಬಂದರೆ ನರ ಅದುಮಿದಂತಾಗಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುತ್ತದೆ. ರಾತ್ರಿ ಎಚ್ಚರವಾಗಿ ಕೈ ಝಾಡಿಸಬೇಕೆನಿಸುತ್ತದೆ. ಹಿಡಿದ ಲೋಟ ಜಾರುತ್ತದೆ.

ಇದೆಲ್ಲ ಟೈಪಿಂಗಿನಿಂದಲೇ ಬಂತೆಂದು ತೀರ್ಮಾನಿಸಬೇಡಿ. ಬಲ ಹಾಕಿ ಹಿಡಿದು ಮಾಡುವ ಹೊಲದ ಕೆಲಸದಿಂದಲೂ ಬರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಲ್ಲಿ ಮತ್ತು ಗರ್ಭಿಣಿಯರಲ್ಲಿ ಇದು ಹೆಚ್ಚು. ಹೀಗಾಗಿ ಜೋಮು ಎರಡು ಮೂರು ವಾರ ಬಿಡದೆ ಇದ್ದರೆ, ಹೆಬ್ಬೆರಳಿನ ಬುಡ ಸೊರಗಿದಂತೆ ಕಂಡರೆ, ಎಣ್ಣೆ ತಿಕ್ಕಿಸಿಕೊಂಡು ಕಾಲ ಕಳೆಯದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸಿ. ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ಬೇಗ ತೋರಿಸಿದರೆ ರಾತ್ರಿ ಕಟ್ಟಿಕೊಳ್ಳುವ ಪಟ್ಟಿಯಿಂದಲೇ ಹಲವರಿಗೆ ಗುಣ ಕಾಣುತ್ತದೆ. ತಡಮಾಡಿದರೆ ನರ ಶಾಶ್ವತವಾಗಿ ಸೋಲಬಹುದು.

ತೊಗರಿ ಕೊಯ್ಲು, ಶುಂಠಿ ಅಗೆತದ ದಿನಗಳಲ್ಲಿ ರಾತ್ರಿಯ ಟೈಪಿಂಗನ್ನು ಅರ್ಧಕ್ಕೆ ಇಳಿಸಿ. ಅರ್ಧ ತಾಸಿಗೊಮ್ಮೆ ಎದ್ದು ನೀರು ಕುಡಿಯಿರಿ, ಬೆರಳುಗಳನ್ನು ಅಗಲಿಸಿ ಮುಚ್ಚಿ, ಭುಜ ತಿರುಗಿಸಿ, ಕಣ್ಣನ್ನು ದೂರದ ವಸ್ತುವಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ. ಸಾಧ್ಯವಾದರೆ ರಾತ್ರಿಯ ಕೆಲಸವನ್ನು ನಸುಕಿಗೆ ಮುಂದೂಡಿ. ಮನೆಯವರು ಏಳುವ ಹೊತ್ತಾದ್ದರಿಂದ ಸದ್ದಿನ ದೂರೂ ಇರದು.

ಸಂಕ್ಷಿಪ್ತವಾಗಿ ಹೇಳುವುದಾದರೆ: ಜನ ಮಲಗುವ ಕೋಣೆಗೆ ಸೈಲೆಂಟ್ ಸ್ವಿಚ್, ಬೇರೆ ಕೋಣೆಗೆ ಕೆಂಪು ಅಥವಾ ಕಂದು, ಅಂಗಡಿಗೆ ಬೇಕಾದರೆ ನೀಲಿ. ಆರು ಏಳು ನಾಣ್ಯದ ಭಾರಕ್ಕೆ ಒತ್ತಿಬರುವ ಕೀ, ಮಡಚಿದ ಹಿಂಗಾಲು, ಕೆಳಗೊಂದು ಕೌದಿ. ಲೆಕ್ಕದವರಿಗೆ ಮಾತ್ರ ಅಂಕಿಕಟ್ಟು.

ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದರು. ಕೆಸರಿನ ಜೊತೆಗೆ ಈಗ ಕೀಬೋರ್ಡಿನ ದುಡಿಮೆಯೂ ಸೇರಿದೆ. ಆ ಕೈ ನೋಯದಿರಲಿ, ಆ ದುಡಿಮೆಗಾಗಿ ಮನೆಯಲ್ಲಿ ಯಾರ ನಿದ್ದೆಯೂ ಕೆಡದಿರಲಿ. ಮುಂದಿನ ಸಲ ಪೇಟೆಗೆ ಹೋಗುವಾಗ ಜೇಬಿನಲ್ಲಿ ಹತ್ತು ರೂಪಾಯಿಯ ಎಂಟು ನಾಣ್ಯ ಇಟ್ಟುಕೊಂಡು ಹೋಗಿ.